ಕಂಬ ಒಂದೇ, ಮಾರುವವರು ಹಲವರು

ಪ್ರಶ್ನೆ: ಕುಲಗೋಡದಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ, 10 ಎಚ್‌ಪಿ ಮೋಟಾರು. ಸಿಮ್ ಬದಲಿಸಿದ ಹಾಗೆ ಹೆಸ್ಕಾಂ ಬಿಟ್ಟು ಬೇರೆ ಕಂಪನಿಯ ಅಗ್ಗದ ಕರೆಂಟ್ ತಗೋಬಹುದು ಅಂತಾರೆ. ಖರೇನಾ ಸರ್?

ಉತ್ತರ: ಸದ್ಯಕ್ಕೆ ನಿಮಗೆ ಆ ದಾರಿಯಿಲ್ಲ. 2003ರ ವಿದ್ಯುತ್ ಕಾಯ್ದೆ ಬೇಕಾದವರಿಂದ ಕರೆಂಟ್ ಕೊಳ್ಳುವ ‘ಮುಕ್ತ ಪ್ರವೇಶ’ ತಂದದ್ದು 1 ಮೆಗಾವ್ಯಾಟ್ ಮೀರಿದ ದೊಡ್ಡ ಗ್ರಾಹಕರಿಗಾಗಿ. ಹಸಿರು ವಿದ್ಯುತ್ತಿಗೆ ಮಾತ್ರ 2022ರ ಕೇಂದ್ರ ನಿಯಮಗಳು ಆ ಮಿತಿಯನ್ನು 100 ಕಿಲೋವ್ಯಾಟ್‌ಗೆ ಇಳಿಸಿದವು. ನಿಮ್ಮ ಮೋಟಾರು ಸುಮಾರು ಏಳೂವರೆ ಕಿಲೋವ್ಯಾಟಿನದು.

ಪೈಪೋಟಿ ಇರುವುದು ನಿಮ್ಮ ಮೀಟರಿನ ಬಹಳ ಹಿಂದೆ, ಸಗಟು ವ್ಯಾಪಾರದಲ್ಲಿ. ಕೆಇಬಿ 1999ರಲ್ಲಿ ಕೆಪಿಟಿಸಿಎಲ್ ಆಯಿತು, ದರ ಗೊತ್ತುಪಡಿಸಲು ಕೆಇಆರ್‌ಸಿ ಬಂತು, 2002ರಲ್ಲಿ ವಿತರಣೆ ಬೇರ್ಪಟ್ಟು ನಮ್ಮ ಭಾಗಕ್ಕೆ ಹೆಸ್ಕಾಂ ಬಂತು. 2008ರಿಂದ ದೇಶದಲ್ಲಿ ವಿದ್ಯುತ್ ವಿನಿಮಯ ಕೇಂದ್ರಗಳಿವೆ. ಅಲ್ಲಿ ನಾಳೆಯ ದಿನವನ್ನು 15 ನಿಮಿಷದ 96 ತುಣುಕು ಮಾಡಿ, ಒಂದೊಂದಕ್ಕೂ ಬೇರೆ ದರ ಕೂಗುತ್ತಾರೆ. ಸೌರ ವಿದ್ಯುತ್ ಧಾರಾಳವಾಗಿರುವ ಮಧ್ಯಾಹ್ನ ದರ ಇಳಿಯುತ್ತದೆ, ಸಂಜೆ ಎಲ್ಲರ ಮನೆಯ ದೀಪ ಹತ್ತಿದಾಗ ಏರುತ್ತದೆ. 2022ರ ಬೇಸಿಗೆಯಲ್ಲಿ ಏರಿಕೆ ತಡೆಯಲು ಯೂನಿಟ್‌ಗೆ 12 ರೂಪಾಯಿ, ಮರುವರ್ಷ 10 ರೂಪಾಯಿ ಗರಿಷ್ಠ ಮಿತಿ ಹಾಕಬೇಕಾಯಿತು. ಆ ಏರಿಳಿತ ನೇರವಾಗಿ ನಿಮ್ಮ ಗಿರಣಿಗೆ ತಟ್ಟದಿರುವುದು ಒಳ್ಳೆಯದೇ.

ಸಿಮ್ಮಿನ ಮಾತೂ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಮೊಬೈಲ್ ಕಂಪನಿ ತನ್ನದೇ ಟವರ್ ನಿಲ್ಲಿಸಬಹುದು. ಕುಲಗೋಡದ ಓಣಿಗಳಲ್ಲಿ ಎರಡನೇ ಸಾಲು ಕಂಬ ಯಾರು ನೆಡುತ್ತಾರೆ? ಇದ್ದ ತಂತಿಯಲ್ಲೇ ಹಲವರು ಮಾರಲಿ ಎಂಬ ತಿದ್ದುಪಡಿ ಮಸೂದೆ 2022ರ ಆಗಸ್ಟ್‌ನಲ್ಲಿ ಲೋಕಸಭೆಗೆ ಬಂದು, ಸ್ಥಾಯಿ ಸಮಿತಿಗೆ ಹೋಯಿತು, ಕಾಯ್ದೆಯಾಗಲಿಲ್ಲ. ಹೊಸಬರು ಬಂದರೆ ಹೆಚ್ಚು ಬಿಲ್ ಕಟ್ಟುವ ಕಾರ್ಖಾನೆಗಳನ್ನು ಮೊದಲು ಸೆಳೆಯುತ್ತಾರೆ, ತೋಟದ ಮನೆಯ ಉದ್ದನೆಯ ಲೈನು ಹೆಸ್ಕಾಂ ಪಾಲಿಗೆ ಉಳಿಯುತ್ತದೆ ಎಂಬುದೇ ನನ್ನ ಆತಂಕ.

ಪ್ರಶ್ನೆ: ಪಕ್ಕದ ಹುಕ್ಕೇರಿಯಲ್ಲಿ ಸಂಘವೇ ಕರೆಂಟ್ ಕೊಡುತ್ತದೆ. ನಮ್ಮ ಮೂಡಲಗಿ ತಾಲ್ಲೂಕಿಗೂ ಅಂಥದ್ದು ಯಾಕಿಲ್ಲ?

ಉತ್ತರ: ಒಳ್ಳೆಯ ಪ್ರಶ್ನೆ. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ 1969ರದು. ದೇಶದಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಐದು ಸಂಘಗಳಲ್ಲಿ ಒಂದು, ರಾಜ್ಯಕ್ಕೆ ಇದೊಂದೇ. ಸಂಘ ಕರೆಂಟ್ ಉತ್ಪಾದಿಸುವುದಿಲ್ಲ. ಸಗಟಾಗಿ ಕೊಂಡು ಸದಸ್ಯರಿಗೆ ಹಂಚುತ್ತದೆ. ಚಿಲ್ಲರೆ ದರಕ್ಕೆ ಅಲ್ಲಿಯೂ ಕೆಇಆರ್‌ಸಿ ಒಪ್ಪಿಗೆಯೇ ಬೇಕು. ಅಲ್ಲಿಯ ಗ್ರಾಹಕನಿಗೂ ಬೇರೆ ಅಂಗಡಿಯಿಲ್ಲ, ಆದರೆ ನಿರ್ದೇಶಕರನ್ನು ಆರಿಸುವ ಮತವಿದೆ. ನನ್ನ ಲೆಕ್ಕದಲ್ಲಿ ಇದು ಸಣ್ಣ ಅಧಿಕಾರವಲ್ಲ. ಜೊತೆಗೆ ಎಚ್ಚರವೂ ಬೇಕು: ಹುಕ್ಕೇರಿಯ ಓರಗೆಯದೇ ಆದ ಮಹಾರಾಷ್ಟ್ರದ ಮುಳಾ-ಪ್ರವರಾ ಸಂಘ ಬಾಕಿಯ ಹೊರೆಯಲ್ಲಿ ಸಿಲುಕಿ, 2011ರಲ್ಲಿ ವಿತರಣೆಯನ್ನೇ ಕಳೆದುಕೊಂಡಿತು.

ಪ್ರಶ್ನೆ: ಮಾರುಕಟ್ಟೆ ಬಂದರೆ ಪಂಪ್‌ಸೆಟ್ಟಿನ ಉಚಿತ ಕರೆಂಟ್ ಹೋಗುತ್ತದೆಯೇ?

ಉತ್ತರ: ತಾನಾಗಿ ಹೋಗುವುದಿಲ್ಲ. ಕಾಯ್ದೆಯ 65ನೇ ಕಲಂ ಪ್ರಕಾರ ಸರ್ಕಾರ ಸಬ್ಸಿಡಿ ಕೊಡಬಹುದು, ಹಣ ಮುಂಗಡವಾಗಿ ಕಟ್ಟಬೇಕು. ಆದರೆ ಹೆಚ್ಚು ದರ ಕೊಡುವ ಕಾರ್ಖಾನೆಗಳು ಹೊರಹೋದಷ್ಟೂ ಸರ್ಕಾರದ ಹೊರೆ ಬೆಳೆಯುತ್ತದೆ. ಇದರಲ್ಲಿ ನಿಮ್ಮ ಮಾತು ಹೇಳಲು ಜಾಗವೂ ಇದೆ: ಹೆಸ್ಕಾಂ ದರ ಪರಿಷ್ಕರಣೆಗೆ ಅರ್ಜಿ ಹಾಕಿದಾಗ ಕೆಇಆರ್‌ಸಿ ಆಕ್ಷೇಪಣೆ ಕರೆದು ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಉದ್ಯಮಿಗಳ ಸಂಘಗಳು ಅಲ್ಲಿ ಲೆಕ್ಕಪತ್ರ ಸಮೇತ ವಾದಿಸುತ್ತವೆ. ನಿಮ್ಮ ಪಂಪ್‌ಸೆಟ್ ಎಷ್ಟು ತಾಸು ನಡೆಯಿತು, ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಾಗ ಎಷ್ಟು ದಿನ ಕಾದಿರಿ ಎಂಬುದನ್ನು ತಾರೀಖು ಸಮೇತ ಬರೆದಿಟ್ಟು, ಈ ಸಲ ನೀವೂ ಅಲ್ಲಿಗೆ ಕಳಿಸಿ.