ಒಂದು ಉಚ್ಚಾರ, ಎರಡು ಶಬ್ದ

‘ಸಕಲ’ವೆಂದರೆ ಸಮಸ್ತ, ‘ಶಕಲ’ವೆಂದರೆ ತುಂಡು, ಉಚ್ಚಾರ ಶುದ್ಧವಾಗಿದ್ದರೆ ಈ ಭೇದವನ್ನು ಕಿವಿಯೇ ಹಿಡಿದುಕೊಡುತ್ತದೆ. ಆಂಗ್ಲಭಾಷೆಯ ‘ಪ್ರಿನ್ಸಿಪಲ್’ ಎಂಬಲ್ಲಿ ಕಿವಿಗೆ ಕೆಲಸವಿಲ್ಲ. ಬರೆಹದ ಕೊನೆಯಲ್ಲಿ ‘ಎ, ಎಲ್’ ಎಂಬ ಅಕ್ಷರಗಳಿದ್ದರೆ ಅದು ಪ್ರಧಾನವಾದುದು, ಪ್ರಾಂಶುಪಾಲರು, ಅಥವಾ ಬಡ್ಡಿ ಹುಟ್ಟುವ ಅಸಲು. ‘ಎಲ್, ಇ’ ಎಂದಿದ್ದರೆ ತತ್ತ್ವ. ಮೊದಲನೆಯದು ವಿಶೇಷಣವೂ ಆಗಬಲ್ಲುದು. ಎರಡನೆಯದು ನಾಮಪದ ಮಾತ್ರ. ಎರಡೂ ‘ಮೊದಲಿಗ’ನೆಂಬರ್ಥದ ಒಂದೇ ಲ್ಯಾಟಿನ್ ಶಬ್ದದ ಸಂತಾನವಾದುದರಿಂದ ಬಲ್ಲವರೂ ಎಡವುವುದುಂಟು. ವಿದ್ಯಾರ್ಥಿಯು ‘ಅಸಲೋ, ತತ್ತ್ವವೋ’ ಎಂದು ಮೊದಲು ಕನ್ನಡದಲ್ಲಿ ಕೇಳಿಕೊಂಡರೆ ಕೈ ತಪ್ಪದು. ದತ್ತಿಪತ್ರವೊಂದರಲ್ಲಿ ‘ಬಡ್ಡಿಯನ್ನು ವೆಚ್ಚಮಾಡತಕ್ಕದ್ದು, ಅಸಲನ್ನು ಮುಟ್ಟಕೂಡದು’ ಎಂದು ಆಂಗ್ಲದಲ್ಲಿ ಬರೆಯಹೊರಟವನು ಈ ಎರಡಕ್ಷರ ತಪ್ಪಿದರೆ, ಮುಟ್ಟಬಾರದ್ದು ಹಣವಲ್ಲ, ತತ್ತ್ವವೆಂದಾಗುತ್ತದೆ.