ಎರೆಹೊಲದ ಬಿರುಕು, ತಿಪ್ಪೆಯ ನೀರು

ಮನೆ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ, ಎರೆಹೊಲ ಕುರುಗೋಡು ಕಡೆ, ಒಂದಿಷ್ಟು ಗದ್ದೆ ಸಿರುಗುಪ್ಪ ಸೀಮೆಯಲ್ಲಿ ತುಂಗಭದ್ರಾ ಕಾಲುವೆಯ ಕೆಳಗೆ. ಹಾಕಿದ ಗೊಬ್ಬರ ಹಾಕಿದಲ್ಲೇ ಇರುತ್ತದೆಂದು ಬಹಳ ವರ್ಷ ನಂಬಿದ್ದೆ.

1. ಬೇಸಿಗೆಯಲ್ಲಿ ಎರೆಹೊಲ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಒಂದು ವರ್ಷ ಗೊಬ್ಬರ ಹರಡಿ, ಹರಗದೆ ಬಿಟ್ಟೆ. ಮೊದಲ ಜೋರು ಮಳೆಗೆ ಮೇಲ್ಮಣ್ಣು ನೆನೆಯುವ ಮುಂಚೆಯೇ ಗೊಬ್ಬರದ ಕಪ್ಪುನೀರು ಬಿರುಕಿಗೆ ಇಳಿದುಹೋಯಿತು. ಎರೆಮಣ್ಣು ನೀರನ್ನು ಕೆಳಕ್ಕೆ ಬಿಡುವುದಿಲ್ಲ ಅನ್ನುತ್ತಾರೆ. ಅದು ಮಣ್ಣು ನೆನೆದು ಉಬ್ಬಿ ಬಿರುಕು ಮುಚ್ಚಿಕೊಂಡ ಮೇಲಿನ ಮಾತು. ಈಗ ಮೊದಲು ಕುಂಟೆ ಹೊಡೆದು ಬಿರುಕಿನ ಬಾಯಿ ಮುಚ್ಚುತ್ತೇನೆ, ಆಮೇಲೆ ಗೊಬ್ಬರ ಹರಡಿ ಅದೇ ದಿನ ಮಣ್ಣಿಗೆ ಬೆರೆಸುತ್ತೇನೆ.

2. ಕುರಿ ತರುಬಿದ ಹೊಲದಲ್ಲಿ ಬೆಳಗ್ಗೆ ಮೂಗಿಗೆ ಬಡಿಯುವ ಘಾಟು, ಕುರಿಗಾರರಿಗೆ ಹಣ ಕೊಟ್ಟು ಕೊಂಡ ಗೊಬ್ಬರವೇ. ಉಚ್ಚೆಯಲ್ಲಿನ ಸಾರಜನಕ ನಮ್ಮ ಕ್ಷಾರದ ಮಣ್ಣಿನಲ್ಲಿ, ಈ ಬಿಸಿಲಿಗೆ, ಅಮೋನಿಯಾ ಆಗಿ ಹಾರಿಹೋಗುತ್ತದೆ. ಮಂದೆ ಎದ್ದ ದಿನವೇ ಹರಗಬೇಕು.

3. ಕೆಸರು ಹೊಡೆದ ಗದ್ದೆಯ ಮಡೆ ಕೂಡಲೇ ತೆಗೆಯಬಾರದು. ರಂಜಕ ಸಣ್ಣ ಮಣ್ಣಿನ ಕಣಕ್ಕೆ ಅಂಟಿಕೊಂಡೇ ಹೋಗುತ್ತದೆ. ರಾಡಿ ತಳ ಕೂರುವವರೆಗೆ ತಡೆದರೆ ಅದು ಗದ್ದೆಯಲ್ಲಿ ಉಳಿಯುತ್ತದೆ; ಬಿಟ್ಟರೆ ಹಳ್ಳ, ಹಳ್ಳದಿಂದ ಹಗರಿ ಇಲ್ಲವೇ ತುಂಗಭದ್ರೆ. ಆ ನೀರನ್ನು ಕುಡಿಯುವ ಊರುಗಳು ಕೆಳಗಿವೆ.

4. ಹೊಲದ ಬಾವಿಯ ಮೇಲ್ಗಡೆಯೇ ತಿಪ್ಪೆ ಇತ್ತು. ಎತ್ತಿ ಹಾಕಲು ಹತ್ತಿರವೆಂದು ನಾನೇ ಮಾಡಿಸಿದ್ದು. ನೀರು ತಿಳಿಯಾಗಿತ್ತು, ರುಚಿಯೂ ಕೆಟ್ಟಿರಲಿಲ್ಲ. ಪರೀಕ್ಷೆ ಮಾಡಿಸಿದಾಗ ನೈಟ್ರೇಟ್ ಮಿತಿ ದಾಟಿತ್ತು. ಕುಡಿಯುವ ನೀರಿಗೆ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಗೊಬ್ಬರ ಕೊಳೆತಾಗ ಮೊದಲು ಹುಟ್ಟುವ ಅಮೋನಿಯಂ ಅನ್ನು ಜೇಡಿ ಹಿಡಿದುಕೊಳ್ಳುತ್ತದೆ. ಅದು ನೈಟ್ರೇಟ್ ಆಯಿತೆಂದರೆ ಮಣ್ಣಿಗೆ ಹಿಡಿತವಿಲ್ಲ, ನೀರು ಹೋದಲ್ಲಿಗೆ ಹೋಗುತ್ತದೆ. ಕುದಿಸಿದರೂ ಹೋಗದು, ನೀರು ಬತ್ತಿ ಇನ್ನಷ್ಟು ಗಟ್ಟಿಯಾಗುತ್ತದೆ. ಹಸುಗೂಸಿನ ಹಾಲಿಗೆ ಇಂಥ ನೀರು ಬೆರೆಸಿದರೆ ರಕ್ತ ಪ್ರಾಣವಾಯು ಹೊರುವ ಶಕ್ತಿ ಕಳೆದುಕೊಂಡು ಮಗು ನೀಲಿಗಟ್ಟಬಹುದು. ಹೊಲ ನೋಡಿಕೊಳ್ಳುವ ಸಂಸಾರದಲ್ಲಿ ಆಗ ಮೂರು ತಿಂಗಳ ಕೂಸಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತಿಪ್ಪೆಯನ್ನು ಬಾವಿಯ ಇಳಿಜಾರಿನ ಕೆಳಕ್ಕೆ ಒಯ್ದು, ಸುತ್ತ ಒಡ್ಡು ಹಾಕಿ, ಮಳೆಗಾಲಕ್ಕೆ ತಾಡಪಾಲು ಹೊದಿಸಿದೆವು. ಎರಡು ಮಳೆಗಾಲ ಕಳೆದರೂ ನೈಟ್ರೇಟ್ ಪೂರ್ತಿ ಇಳಿದಿಲ್ಲ. ಕೂಸು ಈಗ ಓಡಾಡುತ್ತದೆ. ಕುಡಿಯುವ ನೀರನ್ನು ಮಾತ್ರ ಇಂದಿಗೂ ಬ್ರೂಸ್‌ಪೇಟೆಯಿಂದ ಕ್ಯಾನಿನಲ್ಲಿ ಒಯ್ಯುತ್ತೇನೆ.