ಹುಸಿಯಾಸೆ ಲೇಸೋ, ನಿರಾಸೆ ಲೇಸೋ?

(ಸ್ವಾಧ್ಯಾಯ ಪಾಠ)



ಇನ್ನು ಚಿಕಿತ್ಸೆಯಿಲ್ಲವೆಂದು ವೈದ್ಯರು ಹೇಳಿ ಕಳುಹಿಸಿದ ಹಿರಿಯರೊಬ್ಬರು ಮನೆಯ ಪಡಸಾಲೆಯಲ್ಲಿ ಮಲಗಿರುತ್ತಾರೆ. ಮಕ್ಕಳು ಹಾಸಿಗೆಯ ಬಳಿ ಕುಳಿತು, "ಅಪ್ಪಾ, ನಿಮಗೇನೂ ಆಗಿಲ್ಲ, ಬರುವ ದಶಲಕ್ಷಣ ಪರ್ವಕ್ಕೆ ಬಸದಿಗೆ ನಡೆದೇ ಬರುವಿರಿ" ಎನ್ನುತ್ತಾರೆ, ಬಳಿಕ ಒಳಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಾರೆ. ಆ ಮಾತು ಹುಸಿಯೆಂದು ಅವರೂ ಬಲ್ಲರು. ಆಸೆಯನ್ನೇ ಕಿತ್ತುಕೊಳ್ಳುವುದಕ್ಕಿಂತ ಹುಸಿಯಾಸೆಯಾದರೂ ಇರಲಿ ಎಂಬುದು ಅವರ ಸಮಾಧಾನ. ಈ ಸಮಾಧಾನವು ಶ್ರಾವಕಾಚಾರಕ್ಕೆ ಒಪ್ಪುವುದೇ ಎಂಬುದೇ ಈ ಪಾಠದ ವಿಚಾರ.

೧. ಆಸೆಯ ಆಧಾರ

ಆಸೆಯೆಂಬುದು ಕೇವಲ ಮನಸ್ಸಿನ ಭಾವವಲ್ಲ; ಅದರ ಮೇಲೆ ನಾವು ನಮ್ಮ ಕಾರ್ಯಗಳನ್ನು ಕಟ್ಟುತ್ತೇವೆ. ಮಲಪ್ರಭೆಯ ದಂಡೆಯ ಒಕ್ಕಲಿಗರು ಇದನ್ನು ಚೆನ್ನಾಗಿ ಅರಿತವರು. ಕಣಕುಂಬಿಯಲ್ಲಿ ಹುಟ್ಟಿದ ಆ ನದಿ ಎಂ.ಕೆ. ಹುಬ್ಬಳ್ಳಿಯ ಹೆದ್ದಾರಿ ಸೇತುವೆಯ ಕೆಳಗೆ ಹರಿದು, ಮುಂದೆ ಸವದತ್ತಿಯ ಬಳಿಯ ನವಿಲುತೀರ್ಥದ ಜಲಾಶಯವನ್ನು ಸೇರುತ್ತದೆ. ಮಳೆ ಕೈಕೊಟ್ಟ ವರ್ಷ ಆ ಸೇತುವೆಯ ಮೇಲೆ ನಿಂತು ಹರಿವನ್ನು ನೋಡಿದವರಿಗೆ ಮುಂದಿನ ಬೇಸಿಗೆಯ ಸ್ಥಿತಿ ತಿಳಿಯದಿರದು. ಆದರೂ "ನೀರು ಬಂದೇ ಬರುತ್ತದೆ" ಎಂಬ ಮಾತನ್ನು ನಂಬಿದವನು ವರ್ಷವಿಡೀ ನೀರು ಬೇಡುವ ಕಬ್ಬನ್ನು ನೆಟ್ಟು ಸಾಲದಲ್ಲಿ ಬೀಳುತ್ತಾನೆ. "ಈ ವರ್ಷ ಏನೂ ಆಗದು" ಎಂದು ಕೈಚೆಲ್ಲಿದವನು ಎರೆಹೊಲವನ್ನು ಬೀಳುಬಿಡುತ್ತಾನೆ. ನಿಜವನ್ನು ವೇಳೆಗೆ ಸರಿಯಾಗಿ ತಿಳಿದವನು ನೆಲದಲ್ಲಿ ಉಳಿದ ಹಸಿಯನ್ನೇ ನಂಬಿ ಹಿಂಗಾರಿ ಜೋಳವನ್ನೋ ಕಡಲೆಯನ್ನೋ ಬಿತ್ತುತ್ತಾನೆ. ಈ ಮೂರನೆಯವನಿಗೂ ಆಸೆಯುಂಟು. ಆದರೆ ಅದು ಇದ್ದ ಹಸಿಯ ಮೇಲೆ ನಿಂತ ಆಸೆ. ಹುಸಿಯಾಸೆ, ನಿರಾಸೆ ಎಂಬ ಎರಡೇ ದಾರಿಗಳುಂಟೆಂದು ಭಾವಿಸುವುದೇ ಮೊದಲನೆಯ ಭ್ರಮೆ.

೨. ಭದ್ರಬಾಹು ಸ್ವಾಮಿಗಳ ನಿದರ್ಶನ

ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಪಾರ್ಶ್ವನಾಥ ಬಸದಿಯ ಬಳಿ ಸುಮಾರು ಕ್ರಿ.ಶ. ೬೦೦ರ ಶಾಸನವೊಂದಿದೆ. ಭದ್ರಬಾಹು ಸ್ವಾಮಿಗಳು ಉಜ್ಜಯಿನಿಯಲ್ಲಿ ನಿಮಿತ್ತಜ್ಞಾನದಿಂದ ೧೨ ವರ್ಷಗಳ ವಿಷಮ ಕಾಲವನ್ನು ಮುಂಗಂಡು ತಿಳಿಸಿದರೆಂದೂ, ಸಂಘವು ಉತ್ತರಾಪಥವನ್ನು ಬಿಟ್ಟು ದಕ್ಷಿಣಾಪಥಕ್ಕೆ ಹೊರಟಿತೆಂದೂ ಅದು ಹೇಳುತ್ತದೆ. "ಬರುವ ವರ್ಷ ಮಳೆಯಾದೀತು, ಇಲ್ಲಿಯೇ ಇರೋಣ" ಎಂದು ಹೇಳುವುದು ಸ್ವಾಮಿಗಳಿಗೆ ಸುಲಭವಾಗಿತ್ತು, ಕೇಳುವವರಿಗೂ ಹಿತವಾಗುತ್ತಿತ್ತು. ಅವರು ಹಾಗೆ ಹೇಳಲಿಲ್ಲ. ಕ್ಷಾಮದ ನಿಜವೂ ದಕ್ಷಿಣದ ದಾರಿಯೂ ಒಟ್ಟಿಗೇ ಬಂದವು. ದಾರಿಯನ್ನು ತೋರದೆ ನುಡಿದ ನಿಜ ಬರಿಯ ಪೆಟ್ಟಾಗುತ್ತದೆ. ನಿಜವನ್ನು ಮುಚ್ಚಿಟ್ಟರೆ ದಾರಿ ಹುಡುಕುವ ಕಾಲವೇ ಕಳೆದುಹೋಗುತ್ತದೆ.

೩. ವ್ರತದ ವಿಧಿ ಹೇಳುವುದೇನು?

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಸಲ್ಲೇಖನೆಗೆ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂಬ ನಾಲ್ಕು ಸಂದರ್ಭಗಳನ್ನು ಹೇಳಿ, ಅವು ಪ್ರತೀಕಾರವಿಲ್ಲದವಾಗಿರಬೇಕೆಂಬ ನಿಬಂಧನೆಯನ್ನು ಹಾಕಿದೆ. ಈ ನಿಬಂಧನೆಗೆ ಎರಡು ಮುಖಗಳುಂಟು. ಚಿಕಿತ್ಸೆಗೆ ಒಲಿಯುವ ರೋಗದಲ್ಲಿ, ಅಥವಾ ಮನಸ್ಸು ನೊಂದ ಹೊತ್ತಿನಲ್ಲಿ, ಅನ್ನವನ್ನು ತೊರೆಯುವುದು ವ್ರತವಲ್ಲ. ಅಂಥವರಿಗೆ ಬೇಕಾದುದು ವೈದ್ಯರೂ ಸ್ವಜನರೂ ಮಾಡುವ ಆರೈಕೆ. ಹಾಗೆಯೇ ಪ್ರತೀಕಾರವಿಲ್ಲವೆಂದು ತಿಳಿದ ಮೇಲೆ ಇದೆಯೆಂದು ನಟಿಸುವುದಕ್ಕೂ ಇಲ್ಲಿ ಸ್ಥಾನವಿಲ್ಲ. ಎರಡೂ ಕಡೆ ನಿಜಸ್ಥಿತಿಯ ಪರೀಕ್ಷೆ ಮೊದಲು ಆಗಲೇಬೇಕು.

ಆ ಗ್ರಂಥವೇ ಹೇಳುವ ಐದು ಅತಿಚಾರಗಳನ್ನು ಗಮನಿಸಿರಿ: ಜೀವಿತಾಶಂಸೆ, ಮರಣಾಶಂಸೆ, ಭಯ, ಮಿತ್ರಸ್ಮೃತಿ, ನಿದಾನ. ಇನ್ನೂ ಬದುಕಬೇಕೆಂಬ ಹಂಬಲ ದೋಷವಾದರೆ, ಬೇಗ ಸಾಯಬೇಕೆಂಬ ಹಂಬಲವೂ ಅಷ್ಟೇ ದೋಷ. ಒಂದು ಹುಸಿಯಾಸೆಯ ಫಲ, ಇನ್ನೊಂದು ನಿರಾಸೆಯ ಫಲ. ಮೇಲ್ನೋಟಕ್ಕೆ ವಿರುದ್ಧವಾಗಿ ಕಂಡರೂ ಎರಡೂ ಇಂದಿನ ದಿನವನ್ನು ಜೀವನ ಕೈಯಿಂದ ಕಸಿದುಕೊಳ್ಳುತ್ತವೆ.

೪. ಒಂದು ಆಕ್ಷೇಪ

"ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ಆಡಬಾರದೆಂದು ಸತ್ಯಾಣುವ್ರತದಲ್ಲಿ ಹೇಳಿಲ್ಲವೇ?" ಎಂದು ಕೆಲವರು ಕೇಳಬಹುದು. ಹೇಳಿದೆ, ನಿಜ. ಕೇಳದವರ ಮುಂದೆ ಕಠೋರವಾಗಿ ಸತ್ಯವನ್ನು ಒಗೆಯುವುದು ಹಿಂಸೆಯೇ. ಆದರೆ ಮೌನ ಬೇರೆ, ಸುಳ್ಳಿನ ಕಟ್ಟಡ ಬೇರೆ. ಗುಣವಾಗುವ ಸಂಭವ ಸ್ವಲ್ಪವಿದ್ದರೆ ಸ್ವಲ್ಪವೆಂದೇ ಹೇಳಿದ ಆಸೆ ಹುಸಿಯಾಗದು. ಅದನ್ನು ಪೂರ್ಣವೆಂದು ಹೇಳಿದಾಗ ಮಾತ್ರ ಹುಸಿಯಾಗುತ್ತದೆ. ರೋಗಿಯೇ "ನನ್ನ ಸ್ಥಿತಿ ಹೇಗಿದೆ?" ಎಂದು ಕೇಳಿದಾಗ ಸುಳ್ಳಾಡಿದರೆ ಅವರಿಗೆ ವಿಪತ್ತು ತಪ್ಪುವುದಿಲ್ಲ, ಕ್ಷಮೆ ಕೇಳುವ, ಋಣ ತೀರಿಸುವ, ಮಕ್ಕಳಿಗೆ ಎರಡು ಮಾತು ಹೇಳುವ, ಇಷ್ಟವಿದ್ದ ವ್ರತವನ್ನು ಕೈಗೊಳ್ಳುವ ಅವಕಾಶ ಮಾತ್ರ ತಪ್ಪುತ್ತದೆ. ಇದಲ್ಲದೆ ಹಿರಿಯರು ಬಹುಮಟ್ಟಿಗೆ ಮಕ್ಕಳ ಮುಖದಿಂದಲೇ ನಿಜವನ್ನು ಓದಿಕೊಂಡಿರುತ್ತಾರೆ. ಆಗ ಅವರೂ ನಂಬಿದಂತೆ ನಟಿಸಬೇಕಾಗುತ್ತದೆ; ತುಂಬಿದ ಮನೆಯಲ್ಲಿ ಒಂಟಿಯಾಗಿ ಸಾಯಬೇಕಾಗುತ್ತದೆ.

೫. ಕುಂಥಲಗಿರಿಯ ದೀಪ

ನಮ್ಮ ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಮನೆತನದಲ್ಲಿ ೧೮೭೨ರಲ್ಲಿ ಜನಿಸಿದ ಆಚಾರ್ಯ ಶಾಂತಿಸಾಗರ ಮಹಾರಾಜರ ಅಂತ್ಯಕಾಲವು ಈ ಪಾಠಕ್ಕೆ ಭಾಷ್ಯದಂತಿದೆ. ಮುಪ್ಪಿನಲ್ಲಿ ಅವರ ದೃಷ್ಟಿ ಕುಂದಿತು. ನೆಲದ ಜೀವಗಳನ್ನು ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯೂ, ಆಹಾರವನ್ನು ಶೋಧಿಸಿ ಸ್ವೀಕರಿಸುವ ಏಷಣಾಸಮಿತಿಯೂ ಕಣ್ಣಿಲ್ಲದೆ ನಡೆಯಲಾರವು. ಕಣ್ಣು ಇನ್ನೂ ಸಾಕಷ್ಟಿದೆಯೆಂದು ಅವರು ತಮ್ಮನ್ನು ತಾವೇ ವಂಚಿಸಿಕೊಳ್ಳಲಿಲ್ಲ. ಎಲ್ಲವೂ ಮುಗಿಯಿತೆಂದು ಕುಗ್ಗಲೂ ಇಲ್ಲ. ೧೯೫೫ರ ಆಗಸ್ಟ್ ೧೪ರಂದು ಮಹಾರಾಷ್ಟ್ರದ ಕುಂಥಲಗಿರಿಯಲ್ಲಿ ಸಲ್ಲೇಖನೆಯನ್ನು ಸ್ವೀಕರಿಸಿ, ೩೬ನೆಯ ದಿನ, ಸೆಪ್ಟೆಂಬರ್ ೧೮ರಂದು ಸಮಾಧಿಯನ್ನು ಹೊಂದಿದರು. ಇದು ಮಹಾವ್ರತಿಗಳ ಮಾರ್ಗ. ಕಣ್ಣು ಮಂಜಾದ ಗೃಹಸ್ಥನು ಅನುಕರಿಸತಕ್ಕದ್ದಲ್ಲ. ಅವನಿಗೆ ಕನ್ನಡಕವೂ ಶಸ್ತ್ರಚಿಕಿತ್ಸೆಯೂ ಇವೆ. ಇರುವುದನ್ನು ಇರುವಂತೆಯೇ ಕಾಣುವ ಅವರ ಧೈರ್ಯವನ್ನು ಮಾತ್ರ ನಾವೆಲ್ಲರೂ ಕಲಿಯಬಹುದು.

೬. ಉಪಸಂಹಾರ

ಆದಕಾರಣ ರೋಗಿಯ ಬಳಿ ಕುಳಿತ ಶ್ರಾವಕನು ಆಸೆಯನ್ನು ಕೊಲ್ಲಬೇಕಾಗಿಲ್ಲ. ಅದು ನಿಲ್ಲುವ ನೆಲವನ್ನು ಬದಲಿಸಬೇಕು. "ಗುಣವಾಗುವಿರಿ" ಎನ್ನಲಾಗದ ಹೊತ್ತಿನಲ್ಲಿಯೂ "ನಿಮಗೆ ನೋವಾಗದಂತೆ ಔಷಧ ಕೊಡಿಸುತ್ತೇವೆ, ರಾತ್ರಿ ಹಗಲು ಬಳಿಯಲ್ಲಿರುತ್ತೇವೆ, ನಿಮ್ಮ ಮಾತನ್ನು ನಡೆಸುತ್ತೇವೆ" ಎನ್ನಬಹುದು. ಇವು ಹುಸಿಯಾಗಲಾರದ ಆಸೆಗಳು. ಏಕೆಂದರೆ ಇವುಗಳನ್ನು ನಿಜಮಾಡುವುದು ನಮ್ಮ ಕೈಯಲ್ಲಿಯೇ ಇದೆ.

ಮನನಕ್ಕಾಗಿ

(೧) ಜೀವಿತಾಶಂಸೆಯನ್ನೂ ಮರಣಾಶಂಸೆಯನ್ನೂ ಸಮಾನ ದೋಷಗಳೆಂದು ಎಣಿಸಿದುದೇಕೆ?
(೨) ವಿಪತ್ತನ್ನು ತರುವ ಸತ್ಯಕ್ಕೂ ಕೇವಲ ದುಃಖವನ್ನು ತರುವ ಸತ್ಯಕ್ಕೂ ಭೇದವೇನು?
(೩) ನಮ್ಮ ಮನೆಯ ಹಿರಿಯರು ತಮ್ಮ ಸ್ಥಿತಿಯನ್ನು ಕೇಳಿದರೆ, ಉತ್ತರ ಕೊಡುವವರು ಯಾರು? ಅವರು ಅದಕ್ಕೆ ಸಿದ್ಧರಿರುವರೇ?